ದೊಡ್ಡ ಮಗನಿಗೆ ಹಿಮೋಫಿಲಿಯಾ ಇಲ್ಲ ಅಂದ್ರೆ ತಾಯಿ ಕ್ಯಾರಿಯರ್ (ದೋಷದ ಜೀನ್ ಹೊತ್ತವಳು) ಅಲ್ಲ ಅಂತಾನಾ?

ಮುಂಬೈ ಹತ್ರದ ಡೊಂಬಿವ್ಲಿಯಿಂದ ಒಂದು ಕುಟುಂಬದವ್ರು ನನ್ನ ಹತ್ರ ಸಲಹೆಗೆ ಬಂದಿದ್ರು, ಮೂಲ ಕುಂದಾಪುರ ಕಡೆ. ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಾಯಿಸಿದೀನಿ, ಹೆಣ್ಮಗಳ ಹೆಸರು ಸುಮಾ ಅಂತಿಟ್ಕೊಳ್ಳಿ. ಎರಡನೇ ಬಸುರಿ, ಎರಡು ತಿಂಗಳು ತುಂಬಿತ್ತು. ಅವಳ ಅಣ್ಣನಿಗೂ ಸೋದರಮಾವನಿಗೂ ಹಿಮೋಫಿಲಿಯಾ ಎ, ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಬೇಕಾದ ಫ್ಯಾಕ್ಟರ್ 8 ಅನ್ನೋ ಪ್ರೋಟೀನ್ ಕಮ್ಮಿ ಇರೋ ಕಾಯಿಲೆ, ಅದೂ ಜೋರಾಗಿರೋದು. ಜೊತೆಗೆ ಬಂದಿದ್ದ ಅತ್ತೆ ಮಾತ್ರ ನಿರಾಳವಾಗಿದ್ರು: "ಮೇಡಂ, ದೊಡ್ಡ ಮೊಮ್ಮಗ ಬಿದ್ದು ಎದ್ದು ಆಡ್ತಾನೆ, ಒಂದ್ಸಲಾನೂ ರಕ್ತ ನಿಲ್ದೇ ಹೋಗಿಲ್ಲ, ಅಂದ್ಮೇಲೆ ಇವಳಿಗೆ ಆ ದೋಷ ಬಂದಿಲ್ಲ ಅಲ್ವಾ? ಅವನಿಗೆ ಕೆಂಪು ಹಸಿರು ಗೊತ್ತಾಗಲ್ಲ, ಅಷ್ಟೇ."

ಆ "ಅಷ್ಟೇ" ಅಂದಿದ್ರಲ್ಲ, ಇಡೀ ಲೆಕ್ಕ ಅದ್ರಲ್ಲೇ ಇತ್ತು. ನಿಮ್ಮ ಕಡೆ ಬೇರೆ ಯಾರಿಗೆ ಕಲರ್ ಬ್ಲೈಂಡ್ ಇದೆ ಅಂತ ಸುಮಾನ ಕೇಳ್ದೆ. ಸುಮಾ ಅಪ್ಪನಿಗಂತೆ, ಅವರು ರೈಲ್ವೇಲಿ ಮೋಟರ್‌ಮನ್ ಆಗ್ಬೇಕು ಅಂತ ಹೋಗಿ ಕಣ್ಣಿನ ಟೆಸ್ಟಲ್ಲಿ ಫೇಲ್ ಆಗಿ ಕೊನೆಗೆ ಆಫೀಸ್ ಕೆಲಸ ಹಿಡಿದವ್ರು.

ವಿಷಯ ಏನಂದ್ರೆ ಹೆಂಗಸರಿಗೆ ಎಕ್ಸ್ ಕ್ರೋಮೋಸೋಮ್ ಎರಡು, ಒಂದು ಅಮ್ಮಂದು ಒಂದು ಅಪ್ಪಂದು; ಗಂಡಿಗೆ ಅಮ್ಮನಿಂದ ಬಂದ ಒಂದೇ. ಹಿಮೋಫಿಲಿಯಾ ಎ ಜೀನ್, ಕೆಂಪು-ಹಸಿರು ಬಣ್ಣದ ಜೀನ್ ಎರಡೂ ಎಕ್ಸ್ ಕ್ರೋಮೋಸೋಮಿನ ಒಂದೇ ತುದೀಲಿ, ಎಕ್ಸ್‌ಕ್ಯೂ28 ಅನ್ನೋ ಜಾಗದಲ್ಲಿ, ಹತ್ತಿರ ಹತ್ತಿರ ಇವೆ. ಲೋಕಲ್ ಟ್ರೇನಿನ ಒಂದೇ ಡಬ್ಬದಲ್ಲಿ ಕೂತವರ ಹಾಗೆ ಸಾಮಾನ್ಯವಾಗಿ ಒಟ್ಟಿಗೇ ಹೋಗ್ತವೆ, ನೂರರಲ್ಲಿ ಕೆಲವೇ ಸಲ ಬೇರೆ ಆಗೋದು. ಜೂಲಿಯಾ ಬೆಲ್ ಮತ್ತು ಹಾಲ್ಡೇನ್ ಅನ್ನೋ ತಳಿವಿಜ್ಞಾನಿಗಳು ಇದನ್ನ 1937ರಲ್ಲೇ ಕುಟುಂಬಗಳನ್ನ ನೋಡಿ ತೋರಿಸಿದ್ರು, ಡಿಎನ್ಎ ಟೆಸ್ಟ್ ಇಲ್ಲದ ಕಾಲದಲ್ಲಿ, ನನಗೆ ಈಗ್ಲೂ ಅದು ದೊಡ್ಡ ಕೆಲಸ ಅನ್ಸುತ್ತೆ.

ಈಗ ಸುಮಾಗೆ ಬನ್ನಿ. ಅವಳ ಅಮ್ಮನಿಗೆ ತಮ್ಮನೂ ಮಗನೂ ಇಬ್ರೂ ಪೇಷಂಟ್, ಹಾಗಾಗಿ ಅಮ್ಮ ಖಂಡಿತ ಕ್ಯಾರಿಯರ್, ಸುಮಾ ಕ್ಯಾರಿಯರ್ ಆಗಿರೋ ಸಾಧ್ಯತೆ 50%. ಸಾಮಾನ್ಯವಾಗಿ ಒಬ್ಬ ಮಗ ಆರೋಗ್ಯವಾಗಿದ್ರೆ ಅದು ಮೂರರಲ್ಲಿ ಒಂದಕ್ಕೆ ಇಳಿಯುತ್ತೆ, ಅತ್ತೆ ಅಂದಾಜು ಅಷ್ಟರಮಟ್ಟಿಗೆ ಸರಿಯೇ. ಆದ್ರೆ ಸುಮಾಗೆ ಬಣ್ಣ ಚೆನ್ನಾಗೇ ಕಾಣುತ್ತೆ, ಅಂದ್ರೆ ಅವಳ ಹತ್ರ ಇರೋ ಕಲರ್ ಬ್ಲೈಂಡ್ ಜೀನ್ ಅಪ್ಪನ ಎಕ್ಸಿಂದ ಬಂದ ಒಂದೇ, ಹುಡುಗ ಕಲರ್ ಬ್ಲೈಂಡ್ ಅಂದ್ರೆ ಅವನಿಗೆ ಹೋಗಿರೋದು ತಾತನ ಎಕ್ಸ್, ತಾತನಿಗೆ ಹಿಮೋಫಿಲಿಯಾ ಇಲ್ಲವೇ ಇಲ್ಲ. ಸುಮಾ ಕ್ಯಾರಿಯರ್ ಆಗಿದ್ರೂ ಆಗದಿದ್ರೂ ಈ ಹುಡುಗ ಹೀಗೇ ಹುಟ್ತಿದ್ದ. ಅವಳಿಗೆ ಅಮ್ಮನಿಂದ ಬಂದ ಎಕ್ಸ್ ಎಂಥದ್ದು ಅಂತ ಅವನು ಏನೂ ಹೇಳಲ್ಲ! ಹಾಗಾಗಿ 50% ಹೆಚ್ಚುಕಮ್ಮಿ 50%ನಲ್ಲೇ ನಿಲ್ಲುತ್ತೆ, ಹೊಟ್ಟೇಲಿರೋದು ಗಂಡಾಗಿದ್ರೆ ಹಿಮೋಫಿಲಿಯಾ ಬರೋ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು.

ಅತ್ತೆ ಸುಮ್ನಾದ್ರು, ಆಮೇಲೆ "ಇದನ್ನೂ ಅವಳ ತಾಯಿ ಮನೆಯಿಂದಲೇ ತಂದಳಾ" ಅಂದ್ರು. ಅದಕ್ಕೆ ನಾನು ಗಟ್ಟಿಯಾಗೇ ಹೇಳ್ದೆ, ಅಮ್ಮಾ, ಯಾವ ಎಕ್ಸ್ ಹೋಗ್ಬೇಕು ಅಂತ ಯಾವ ತಾಯಿಯೂ ಆರಿಸಿ ಕೊಡಲ್ಲ, ಈ ಮಾತು ಮನೇಲೂ ಆಡಬೇಡಿ.

ಮೊದಲು ಅಣ್ಣನ ರಕ್ತ ಟೆಸ್ಟ್ ಮಾಡ್ಸಿ, ದೋಷ ಜೀನಿನ ಯಾವ ಜಾಗದಲ್ಲಿದೆ ಗೊತ್ತಾದ್ರೆ ಸುಮಾಗೂ ಅದೊಂದನ್ನೇ ನೋಡಿದ್ರೆ ಸಾಕು ಅಂದೆ. ಜೋರು ಹಿಮೋಫಿಲಿಯಾ ಎ ಇರೋರಲ್ಲಿ ಸುಮಾರು 45% ಜನರಿಗೆ ಇಂಟ್ರಾನ್ 22 ಇನ್ವರ್ಷನ್ನೇ, ಅಂದ್ರೆ ಆ ಜೀನಿನ ಒಂದು ಭಾಗ ತಿರುವುಮುರುವಾಗಿರೋದೇ ಕಾರಣ. ಬರೀ ಫ್ಯಾಕ್ಟರ್ 8 ಲೆವೆಲ್ ನೋಡಿ ಕ್ಯಾರಿಯರ್ ಅಲ್ಲ ಅನ್ನೋಕಾಗಲ್ಲ, ಬಸುರಲ್ಲಿ ಅದು ತಾನಾಗೇ ಏರುತ್ತೆ. ಮುಂಬೈ ಪರೇಲ್‌ನ ಕೆಇಎಂ ಆಸ್ಪತ್ರೆ ಆವರಣದಲ್ಲಿರೋ ಐಸಿಎಂಆರ್‌ನ ಇಮ್ಯುನೊಹಿಮಟಾಲಜಿ (ರಕ್ತದ ಕಾಯಿಲೆಗಳ) ಸಂಸ್ಥೆಗೆ ಚೀಟಿ ಬರ್ಕೊಟ್ಟೆ.

ಅಣ್ಣನಿಗೆ ಅದೇ ಇನ್ವರ್ಷನ್, ಸುಮಾಗೂ ಇತ್ತು, ಅಂದ್ರೆ ಅವಳು ಕ್ಯಾರಿಯರ್. 11-13 ವಾರದಲ್ಲಿ ಸಿವಿಎಸ್ (ಮಾಸಿನ ಚೂರು ತೆಗೆದು ಮಗುವಿನ ಜೀನ್ ನೋಡೋ ಟೆಸ್ಟ್) ಮಾಡ್ಸೋಕೆ ಕಾನೂನಲ್ಲಿ ಅವಕಾಶ ಇದೆ, ಆದ್ರೆ ಗಂಡೋ ಹೆಣ್ಣೋ ಹೇಳಲ್ಲ, ಕಾಯಿಲೆ ಬಗ್ಗೆ ಮಾತ್ರ ಅಂತ ಬಿಡಿಸಿ ಹೇಳ್ದೆ. ಗಂಡ ಹೆಂಡತಿ ಎರಡು ದಿನ ಯೋಚಿಸಿ ಬೇಡ ಅಂದ್ರು, ಯಾವ ಮಗುವಾದ್ರೂ ಸಾಕ್ತೀವಿ, ಅಣ್ಣನಿಗೀಗ ರಕ್ತಸ್ರಾವ ತಡೆಯೋಕೆ ಚರ್ಮದಡಿ ಕೊಡೋ ಎಮಿಸಿಜುಮ್ಯಾಬ್ ಇಂಜೆಕ್ಷನ್ ಇದೆ, ಕೆಲಸಕ್ಕೂ ಹೋಗ್ತಾನೆ ಅಂತ. ಅದು ಅವರ ತೀರ್ಮಾನ, ನಾನು ಹೆರಿಗೆ ವಿಷಯಕ್ಕೆ ಬಂದೆ: ಫ್ಯಾಕ್ಟರ್ ಸಿಗೋ ಆಸ್ಪತ್ರೇಲೇ ಆಗ್ಲಿ, ಕೊನೇ ತಿಂಗಳುಗಳಲ್ಲಿ ಸುಮಾದೇ ಫ್ಯಾಕ್ಟರ್ ಲೆವೆಲ್ ನೋಡ್ಲಿ, ಮಗುವಿನ ತಲೆ ಹಿಡಿದೆಳೆಯೋ ವ್ಯಾಕ್ಯೂಮ್, ಫೋರ್ಸೆಪ್ಸ್ ಬೇಡ, ಗಂಡು ಮಗು ಆದ್ರೆ ಹೊಕ್ಕುಳಬಳ್ಳಿ ರಕ್ತದಲ್ಲೇ ಫ್ಯಾಕ್ಟರ್ 8 ಟೆಸ್ಟ್, ರಿಪೋರ್ಟ್ ಬರೋವರೆಗೆ ಸ್ನಾಯುವಿಗೆ ಸೂಜಿ ಬೇಡ.

ದೊಡ್ಡ ಹುಡುಗನಿಗೂ ಒಂದ್ಸಲ ಫ್ಯಾಕ್ಟರ್ ಲೆವೆಲ್ ಮಾಡ್ಸಿ ಅಂದೆ, ಆ ಎರಡು ಜೀನ್ ನೂರರಲ್ಲಿ ಕೆಲವು ಸಲ ಬೇರೆ ಆಗೋ ಲೆಕ್ಕ ಅನುಮಾನಕ್ಕೆ ಬಿಡೋದು ಬೇಡ ಅಂತ. ಹೊರಡುವಾಗ ಸುಮಾನೇ ಕೇಳಿದ್ಲು, ಚಿಕ್ಕಮ್ಮನ (ಅಮ್ಮನ ತಂಗಿ) ಮಗಳು ಪುಣೇಲಿದ್ದಾಳೆ, ಹೊಸದಾಗಿ ಮದುವೆ ಆಗಿದೆ, ಅವಳೂ ಬರಬೇಕಾ? ಬರಲಿ, ಚಿಕ್ಕಮ್ಮನೂ ಬರಲಿ, ಮೊದಲು ಚಿಕ್ಕಮ್ಮನದೇ ನೋಡೋಣ, ಬಸುರಾಗೋ ಮುಂಚೆ ಬಂದ್ರೆ ಸಮಯ ಸಿಗುತ್ತೆ ಅಂದೆ.