ಬಾಕಿ ಸಂಬಳ ಕೊಟ್ಟೇ ಕೊಡುತ್ತಾರೆ ಎಂದಮೇಲೆ ಅಮೆರಿಕದ ಶಟ್‌ಡೌನ್‌ನಿಂದ ನಷ್ಟ ಯಾರಿಗೆ?

ನೀವು ಕೇಳಿರುವುದು ಇಷ್ಟು: ಅಮೆರಿಕದಲ್ಲಿ ಸರ್ಕಾರ ಶಟ್‌ಡೌನ್ ಆದಾಗ ನೌಕರರ ಸಂಬಳ ನಿಲ್ಲುತ್ತದೆ, ಮುಗಿದ ಮೇಲೆ ಬಾಕಿಯೆಲ್ಲ ಕೈಸೇರುತ್ತದೆ. ಹಾಗಿದ್ದ ಮೇಲೆ ಅದು ಸಂಬಳಸಹಿತ ರಜೆಯಲ್ಲವೇ? ಭಾರತದಲ್ಲೂ ಹೀಗಾಗಬಹುದೇ? ನಾನು ಹದಿಮೂರು ವರ್ಷಗಳಿಂದ ಮೇರಿಲ್ಯಾಂಡ್‌ನಲ್ಲಿದ್ದೇನೆ. ನಮ್ಮ ಮನೆಯಿಂದ ವಾಷಿಂಗ್ಟನ್‌ಗೆ ಮೆಟ್ರೊದಲ್ಲಿ ನಲವತ್ತು ನಿಮಿಷದ ದಾರಿ. ಎರಡು ದೀರ್ಘ ಶಟ್‌ಡೌನ್‌ಗಳನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ‘ರಜೆ’ ಎಂಬ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಇಲ್ಲಿ ಆರ್ಥಿಕ ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಅಷ್ಟರೊಳಗೆ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಹಣ ಮಂಜೂರು ಮಾಡದಿದ್ದರೆ ಇಲಾಖೆಗಳು ಖರ್ಚು ಮಾಡುವಂತಿಲ್ಲ. ಈ ನಿಯಮ ಹತ್ತೊಂಬತ್ತನೆಯ ಶತಮಾನದ್ದು. ಆದರೂ ಮಂಜೂರಾತಿ ತಡವಾದಾಗ ಕಚೇರಿಗಳು ಹೇಗೋ ನಡೆದುಕೊಂಡು ಹೋಗುತ್ತಿದ್ದವು. 1980ರಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಕಾನೂನನ್ನು ಅಕ್ಷರಶಃ ಓದಿ, ಹಣವಿಲ್ಲದಿದ್ದರೆ ಬಾಗಿಲು ಹಾಕಲೇಬೇಕು ಎಂದು ಅಭಿಪ್ರಾಯ ಕೊಟ್ಟರು. ಅಲ್ಲಿಂದ ಈಚೆಗೆ ಇದೊಂದು ರಾಜಕೀಯ ಅಸ್ತ್ರವಾಯಿತು. ಮೆಕ್ಸಿಕೊ ಗಡಿಯ ಗೋಡೆಗೆ 570 ಕೋಟಿ ಡಾಲರ್ ಬೇಕೆಂಬ ಟ್ರಂಪ್ ಅವರ ಹಟದಿಂದ 2018ರ ಡಿಸೆಂಬರ್ 22ರಿಂದ 35 ದಿನ ಸರ್ಕಾರದ ಒಂದು ಭಾಗ ಮುಚ್ಚಿತು. 2025ರಲ್ಲಿ ಆರೋಗ್ಯ ವಿಮೆಯ ಸಹಾಯಧನದ ಜಗಳದಲ್ಲಿ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ.

ಭಾರತದಲ್ಲಿ ಇದು ಆಗದಿರಲು ಕಾರಣವಿದೆ. ಸಂವಿಧಾನದ 114ನೇ ವಿಧಿಯ ಪ್ರಕಾರ ನಮ್ಮಲ್ಲೂ ಸಂಸತ್ತಿನ ಒಪ್ಪಿಗೆಯಿಲ್ಲದೆ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಖಜಾನೆಯಿಂದ, ಹಣ ತೆಗೆಯುವಂತಿಲ್ಲ. ಆದರೆ ಬಜೆಟ್ ತಡವಾದರೆ 116ನೇ ವಿಧಿಯಲ್ಲಿ ಲೇಖಾನುದಾನವಿದೆ, ಅಂದರೆ ಬಜೆಟ್ ಪಾಸಾಗುವವರೆಗಿನ ಖರ್ಚಿಗೆ ಸಂಸತ್ತು ಕೊಡುವ ಮುಂಗಡ ಒಪ್ಪಿಗೆ. ರಾಜ್ಯಗಳಿಗೆ 206ನೇ ವಿಧಿ. ಅದಕ್ಕಿಂತ ಮುಖ್ಯವಾಗಿ, ಲೋಕಸಭೆಯಲ್ಲಿ ಹಣದ ಮಸೂದೆ ಬಿದ್ದುಹೋದರೆ ಸರ್ಕಾರವೇ ಬಿದ್ದುಹೋಗುತ್ತದೆ. ಇಲ್ಲಿ ಹಾಗಲ್ಲ. ಅಧ್ಯಕ್ಷರ ಕುರ್ಚಿಯೂ ಅಲುಗುವುದಿಲ್ಲ, ಸಂಸದರ ಕುರ್ಚಿಯೂ ಅಲುಗುವುದಿಲ್ಲ; ಕೆಳಗಿನವರ ಸಂಬಳ ಮಾತ್ರ ನಿಲ್ಲುತ್ತದೆ.

ಈಗ ನಿಮ್ಮ ‘ರಜೆ’ಯ ವಿಷಯ. ನಮ್ಮ ಪಕ್ಕದ ಮನೆಯಾಕೆ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ತಪಾಸಣೆ ಮಾಡುವವರು, ಇಬ್ಬರು ಮಕ್ಕಳ ಒಂಟಿ ತಾಯಿ. ಅಂಥವರನ್ನು ‘ಅತ್ಯಗತ್ಯ’ ನೌಕರರೆಂದು ಕರೆಯುತ್ತಾರೆ. ಅತ್ಯಗತ್ಯ ಎಂದರೆ ಸಂಬಳವಿಲ್ಲದಿದ್ದರೂ ಕೆಲಸಕ್ಕೆ ಹೋಗಲೇಬೇಕು. 2019ರಲ್ಲಿ ಸುಮಾರು 8 ಲಕ್ಷ ನೌಕರರ ಸಂಬಳ ನಿಂತಾಗ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೀಗೆ ದುಡಿಯುತ್ತಲೇ ಇದ್ದರು. ಜನವರಿ 11ರ ಶುಕ್ರವಾರ ಸಂಜೆ ಆಕೆ ಮೆಟ್ಟಿಲ ಮೇಲೆ ಕುಳಿತು ಮೊಬೈಲ್‌ನಲ್ಲಿ ಸಂಬಳದ ಚೀಟಿ ತೋರಿಸಿದರು. ದುಡಿದ ಗಂಟೆ 80, ಕೈಗೆ ಬಂದದ್ದು 0.00. ಕೆಲಸಕ್ಕೆ ಹೋಗಲು ಪೆಟ್ರೋಲ್ ಹಾಕಿಸಿದ್ದು ಕ್ರೆಡಿಟ್ ಕಾರ್ಡಿನಿಂದ. ಮನೆ ಬಾಡಿಗೆ ತಡವಾದದ್ದಕ್ಕೆ ದಂಡ, ಕಾರಿನ ಸಾಲದ ಕಂತು ತಪ್ಪಿದ್ದಕ್ಕೆ ಇನ್ನೊಂದು ದಂಡ. ಮಗುವನ್ನು ನೋಡಿಕೊಳ್ಳುವ ಕೇಂದ್ರದವರು ವಾರದ ಹಣ ಬಾರದಿದ್ದರೆ ಜಾಗ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು.

ನನ್ನ ಹೆಂಡತಿ ಆ ದಿನ ಒಂದು ಡಬ್ಬಿಯಲ್ಲಿ ಬಿಸಿಬೇಳೆಬಾತ್ ಕೊಟ್ಟು ಬಂದಳು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ರೂಢಿ ನಮ್ಮಲ್ಲಿದೆಯಲ್ಲ, ಆಕೆಗೆ ಅದನ್ನು ಯಾರೂ ಹೇಳಿರಲಿಲ್ಲ. ಮೂರು ದಿನದ ಮೇಲೆ ಡಬ್ಬಿ ಮರಳಿ ಬಂದಾಗ ಒಳಗೆ ನಾಲ್ಕು ಕಿತ್ತಳೆ ಇದ್ದವು. ಸರ್ಕಾರಿ ನೌಕರರಿಗೆಂದು ದಾನಿಗಳು ಹಂಚುತ್ತಿದ್ದ ದಿನಸಿಯ ಸಾಲಿನಲ್ಲಿ ಎರಡು ಗಂಟೆ ನಿಂತು ತಂದ ಕಿತ್ತಳೆಗಳು ಅವು. ಅವನ್ನು ತಿನ್ನಲು ನಮಗೆ ಮನಸ್ಸಾಗಲಿಲ್ಲ, ಎಸೆಯುವಂತೆಯೂ ಇರಲಿಲ್ಲ.

ಶಟ್‌ಡೌನ್ ಮುಗಿದ ಮೇಲೆ ಆಕೆಯ ಬಾಕಿ ಸಂಬಳ ಬಂತು, ನಿಜ. ದಂಡದ ಹಣ, ಕಾರ್ಡಿನ ಬಡ್ಡಿ, ಹಾಳಾದ ಸಾಲದ ದಾಖಲೆ, ಇವನ್ನು ಯಾರೂ ಹಿಂದಿರುಗಿಸಲಿಲ್ಲ. ಆ ವರ್ಷ ಆಕೆಯ ಸಹೋದ್ಯೋಗಿಗಳು ಹಲವರು ಕೆಲಸಕ್ಕೆ ಹೋಗದೆ ಉಳಿದರು, ವಾಯುಸಂಚಾರ ನಿಯಂತ್ರಕರೂ ಕಡಿಮೆಯಾದರು. 2019ರ ಜನವರಿ 25ರಂದು ನ್ಯೂಯಾರ್ಕಿನ ಲಗಾರ್ಡಿಯಾದಲ್ಲಿ ಸಿಬ್ಬಂದಿ ಸಾಲದೆ ವಿಮಾನಗಳನ್ನು ಸ್ವಲ್ಪ ಹೊತ್ತು ತಡೆಹಿಡಿದರು. ಅದೇ ದಿನ ಶಟ್‌ಡೌನ್ ಮುಗಿಯಿತು. ವಿಮಾನ ನಿಂತಾಗ ಮಾತ್ರ ಎಲ್ಲರಿಗೂ ಬಿಸಿ ತಟ್ಟಿತೆಂದು ನನಗೆ ಇಂದಿಗೂ ಅನ್ನಿಸುತ್ತದೆ. 2025ರಲ್ಲೂ 40 ವಿಮಾನ ನಿಲ್ದಾಣಗಳಲ್ಲಿ ಹಾರಾಟ ಕಡಿತಗೊಳಿಸಿದ ಕೆಲವೇ ದಿನಗಳಲ್ಲಿ ಇಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಒಪ್ಪಂದವಾಯಿತು.

ಇನ್ನು ಬಾಕಿಯೇ ಬಾರದವರ ಮಾತು. 2019ರಲ್ಲಿ ಬಾಕಿ ಸಂಬಳವನ್ನು ಖಾತರಿಪಡಿಸುವ ಕಾನೂನು ಬಂತು, ಆದರೆ ಅದು ಸರ್ಕಾರದ ಪಟ್ಟಿಯಲ್ಲಿರುವ ನೌಕರರಿಗೆ ಮಾತ್ರ. ಸರ್ಕಾರಿ ಕಟ್ಟಡಗಳಲ್ಲಿ ಕಸ ಗುಡಿಸುವವರು, ಕ್ಯಾಂಟೀನ್ ನಡೆಸುವವರು, ಮ್ಯೂಸಿಯಂಗಳ ಕಾವಲುಗಾರರಲ್ಲಿ ಹಲವರು ಗುತ್ತಿಗೆಯವರು. ಬಾಗಿಲು ಮುಚ್ಚಿದ ದಿನಗಳ ಕೂಲಿ ಅವರಿಗೆ ಹೋದದ್ದು ಹೋಯಿತು. ಅವರೇ ಎಲ್ಲರಿಗಿಂತ ಕಡಿಮೆ ಸಂಪಾದಿಸುವವರು.

ನನ್ನ ಕಚೇರಿಯ ಕೆಳಗೆ ಇಥಿಯೋಪಿಯಾದ ದಂಪತಿಯ ಸಣ್ಣ ಊಟದಂಗಡಿಯೊಂದಿತ್ತು. ಎದುರಿನದು ಸರ್ಕಾರಿ ಕಟ್ಟಡ, ಹನ್ನೊಂದೂವರೆಗೆಲ್ಲ ಸಾಲು ಶುರುವಾಗುತ್ತಿತ್ತು. 2019ರ ಜನವರಿಯಲ್ಲಿ ಒಂದು ಮಧ್ಯಾಹ್ನ ಹೋದಾಗ ಅಂಗಡಿಯಲ್ಲಿ ನಾನೊಬ್ಬನೇ. ದಿನಕ್ಕೆ ಹನ್ನೆರಡು ಟ್ರೇ ಬ್ರೆಡ್ ತರಿಸುತ್ತಿದ್ದವರು ಮೂರಕ್ಕೆ ಇಳಿಸಿದ್ದರು, ತರಕಾರಿ ಹೆಚ್ಚುತ್ತಿದ್ದ ಹುಡುಗಿಯನ್ನು ಮನೆಗೆ ಕಳಿಸಿದ್ದರು. ಇಲ್ಲಿಗೆ ಅರ್ಥಶಾಸ್ತ್ರ ಬಂತು ನೋಡಿ. ಮುಂದೂಡಿದ ಫ್ರಿಜ್ಜನ್ನು ಫೆಬ್ರುವರಿಯಲ್ಲಿ ಕೊಳ್ಳಬಹುದು, ಆದರೆ ಜನವರಿಯಲ್ಲಿ ತಿನ್ನದ ಊಟವನ್ನು ಫೆಬ್ರುವರಿಯಲ್ಲಿ ಯಾರೂ ಎರಡು ಸಲ ತಿನ್ನುವುದಿಲ್ಲ. ಕಾಂಗ್ರೆಸ್ಸಿನ ಬಜೆಟ್ ಕಚೇರಿ ಆ 35 ದಿನಗಳಿಂದ ಆರ್ಥಿಕತೆಗೆ ಬಿದ್ದ ಹೊಡೆತ 1,100 ಕೋಟಿ ಡಾಲರ್ ಎಂದು ಅಂದಾಜಿಸಿತು. ಹೆಚ್ಚಿನದು ನಂತರ ತುಂಬಿಕೊಳ್ಳುತ್ತದೆ, 300 ಕೋಟಿ ಮಾತ್ರ ಎಂದಿಗೂ ಮರಳುವುದಿಲ್ಲ ಎಂದಿತು. 2025ರ ಶಟ್‌ಡೌನ್ ಆರು ವಾರ ನಡೆದರೆ ಹೀಗೆ ಮರಳದ ಮೊತ್ತವೇ 1,100 ಕೋಟಿ ಎಂದು ಅದೇ ಕಚೇರಿ ಲೆಕ್ಕ ಹಾಕಿತು. ದೇಶದ ಗಾತ್ರಕ್ಕೆ ಇದು ಚಿಕ್ಕ ಮೊತ್ತವೆಂದು ಹೇಳುವವರಿದ್ದಾರೆ. ದೇಶಕ್ಕೆ ಚಿಕ್ಕದಿರಬಹುದು, ಆದರೆ ಅದು ಇಂಥ ಸಣ್ಣ ಅಂಗಡಿಗಳ ಗಲ್ಲಾಪೆಟ್ಟಿಗೆಗಳಿಂದ ಹೋದ ಹಣ.

2025ರಲ್ಲಿ ಏಟು ಇನ್ನೂ ಕೆಳಗೆ ಇಳಿಯಿತು. ಬಡವರಿಗೆ ದಿನಸಿ ಕೊಳ್ಳಲು ಸರ್ಕಾರ ಕೊಡುವ ಸ್ನ್ಯಾಪ್ ನೆರವನ್ನು ಆಗ ಸುಮಾರು 4.2 ಕೋಟಿ ಜನ ನೆಚ್ಚಿಕೊಂಡಿದ್ದರು. ನವೆಂಬರ್ ತಿಂಗಳ ನೆರವು ಸಮಯಕ್ಕೆ ಬರಲಿಲ್ಲ, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಅಂಕಿಅಂಶಗಳನ್ನು ಸಂಗ್ರಹಿಸುವವರೂ ಮನೆಯಲ್ಲಿದ್ದುದರಿಂದ ಅಕ್ಟೋಬರ್ ತಿಂಗಳ ನಿರುದ್ಯೋಗ ದರವನ್ನು ಪ್ರಕಟಿಸಲೇ ಆಗಲಿಲ್ಲ.

ಕೊನೆಗೆ ನಮ್ಮವರ ವಿಷಯ, ಏಕೆಂದರೆ ಕನ್ನಡಿಗರ ಮನೆಗಳಿಗೂ ಇದು ತಾಗಿತು. ಎಚ್-1ಬಿ ಎಂಬ ಉದ್ಯೋಗ ವೀಸಾದವರು ಕೆಲಸ ಕಳೆದುಕೊಂಡರೆ ಹೆಚ್ಚೆಂದರೆ 60 ದಿನದೊಳಗೆ ಹೊಸ ಕಂಪನಿ ಅವರ ಪರವಾಗಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಸಾಮಾನ್ಯವಾಗಿ ದೇಶ ಬಿಡಬೇಕು. ಅರ್ಜಿಗೆ ಮೊದಲು ಸಂಬಳದ ಮಟ್ಟ ಸರಿಯಿದೆಯೆಂಬ ಕಾರ್ಮಿಕ ಇಲಾಖೆಯ ಪ್ರಮಾಣಪತ್ರ ಬೇಕು. ಅದಕ್ಕೆ ಏಳು ಕೆಲಸದ ದಿನ ಹಿಡಿಯುತ್ತದೆ. ಅರ್ಜಿ ನೋಡುವ ವಲಸೆ ವಿಭಾಗ ಶುಲ್ಕದಿಂದ ನಡೆಯುವುದರಿಂದ ತೆರೆದೇ ಇತ್ತು. ಪ್ರಮಾಣಪತ್ರದ ಕೆಲಸ ಮಾತ್ರ ಅಕ್ಟೋಬರ್ 1ಕ್ಕೆ ನಿಂತುಹೋಯಿತು, ಮತ್ತೆ ಶುರುವಾಗುವಷ್ಟರಲ್ಲಿ ತಿಂಗಳ ಕೊನೆ ಬಂದಿತ್ತು.

ಮೈಸೂರಿನ ನನ್ನ ಗೆಳೆಯನೊಬ್ಬನ ಕೆಲಸ ಸೆಪ್ಟೆಂಬರ್ 2ಕ್ಕೆ ಹೋಗಿತ್ತು. ತಿಂಗಳ ಕೊನೆಯ ವಾರ ಹೊಸ ಕೆಲಸ ಸಿಕ್ಕಿತು, ಕಾಗದಪತ್ರ ಸಿದ್ಧವಾಗುವಷ್ಟರಲ್ಲಿ ಶಟ್‌ಡೌನ್ ಬಂತು. ಊರಿಂದ ತಂದಿದ್ದ ಕನ್ನಡ ಕ್ಯಾಲೆಂಡರನ್ನು ಫ್ರಿಜ್ ಪಕ್ಕ ತೂಗುಹಾಕಿ, ನವೆಂಬರ್ 1ರ ಸುತ್ತ ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದ. ರಾಜ್ಯೋತ್ಸವವೆಂದು ಅವನ ಮಗಳು ತಿಳಿದಿದ್ದಳು. ಅದು ಅವನ ಅರವತ್ತನೆಯ ದಿನ. ಅಕ್ಟೋಬರ್ 29ರ ರಾತ್ರಿ ಅವರನ್ನು ವಿಮಾನ ಹತ್ತಿಸಲು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಪ್ರಮಾಣಪತ್ರದ ಜಾಲತಾಣ ಮತ್ತೆ ತೆರೆದಾಗ ಅವರು ಮೈಸೂರು ತಲುಪಿಯಾಗಿತ್ತು.