ಅತ್ತೆ, ಮಾವ, ಮಕ್ಕಳ ಜೊತೆ ಮೊದಲ ಸಲ ದೆಹಲಿ: ದಸರಾ ರಜೆಯ ಐದು ದಿನ ಸಾಕಾ?

ನೀವು ಕೇಳಿರುವುದು ಇಷ್ಟು: ಚಿಕ್ಕಬಳ್ಳಾಪುರದಿಂದ ಆರು ಜನ. ನೀವು, ಯಜಮಾನರು, ಅತ್ತೆ, ಮಾವ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಯಾರೂ ದೆಹಲಿ ನೋಡಿಲ್ಲ. ದಸರಾ ರಜೆಯಲ್ಲಿ ಐದು ದಿನ ಸಿಗುತ್ತದೆ. ಅತ್ತೆಗೆ ಮಂಡಿನೋವು. ದೆಹಲಿ, ಆಗ್ರಾ, ಹರಿದ್ವಾರ ಮೂರೂ ಆಗುತ್ತಾ? ರೈಲಾ, ವಿಮಾನವಾ? ಎಲ್ಲಿ ಉಳಿದುಕೊಳ್ಳುವುದು?

ಹರಿದ್ವಾರ ಆಗುವುದಿಲ್ಲ. ಅದನ್ನು ಈಗಲೇ ಪಟ್ಟಿಯಿಂದ ತೆಗೆದುಬಿಡಿ. ದೆಹಲಿಯಿಂದ ಇನ್ನೂರು ಕಿಲೋಮೀಟರ್‌ಗೂ ಜಾಸ್ತಿ ಇದೆ. ಹೋಗಿ ಬರುವುದರಲ್ಲೇ ಒಂದು ದಿನ ಮುಗಿಯುತ್ತದೆ. ಅತ್ತೆ, ಮಾವ ಗಂಗಾಸ್ನಾನದ ಆಸೆ ಇಟ್ಟುಕೊಂಡಿದ್ದರೆ ಅದಕ್ಕೆ ಬೇರೆಯದೇ ಪ್ರವಾಸ ಮಾಡಿ, ನಿಧಾನವಾಗಿ. ದೆಹಲಿ ಮತ್ತು ಆಗ್ರಾ ಆರಾಮಾಗಿ ಆಗುತ್ತದೆ.

ನಾನು ಶಿಡ್ಲಘಟ್ಟದವನು. ಕೆಲಸದ ಮೇಲೆ ಕೆಲವು ವರ್ಷ ದೆಹಲಿಯಲ್ಲಿದ್ದೆ. ಊರಿಂದ ಬಂದ ನೆಂಟರನ್ನೆಲ್ಲ ಸುತ್ತಿಸುವ ಕೆಲಸ ನನ್ನ ತಲೆಗೇ ಬೀಳುತ್ತಿತ್ತು. ಆಗ ಒಂದು ವಿಷಯ ಗೊತ್ತಾಯಿತು. ಎಲ್ಲರೂ ನೋಡುವ ಜಾಗಗಳ ಪಟ್ಟಿ ಹಿಡಿದುಕೊಂಡು ಶುರು ಮಾಡುತ್ತಾರೆ. ಪಟ್ಟಿ ಆಮೇಲೆ ಇರಲಿ. ಮೊದಲು ನೋಡಬೇಕಾದ್ದು ಎರಡು. ಯಾವ ವಾರ ಯಾವುದು ಮುಚ್ಚಿರುತ್ತದೆ ಅನ್ನುವುದು ಒಂದು. ನಿಮ್ಮಲ್ಲಿ ಎಲ್ಲರಿಗಿಂತ ಕಡಿಮೆ ನಡೆಯುವವರು ಎಷ್ಟು ನಡೆಯುತ್ತಾರೆ ಅನ್ನುವುದು ಇನ್ನೊಂದು. ನಿಮ್ಮ ಮನೆಯಲ್ಲಿ ಅದು ಅತ್ತೆ. ಅವರ ಮಂಡಿ ಒಪ್ಪುವಂತೆ ಪ್ಲಾನ್ ಮಾಡಿದರೆ ಉಳಿದವರೂ ಸುಖವಾಗಿರುತ್ತಾರೆ.

ವಾರದ ಲೆಕ್ಕ ನೋಡಿ. ಸೋಮವಾರ ಕೆಂಪುಕೋಟೆ ಇಲ್ಲ, ಅಕ್ಷರಧಾಮ ಇಲ್ಲ, ಲೋಟಸ್ ಟೆಂಪಲ್ ಇಲ್ಲ, ದೊಡ್ಡ ಮ್ಯೂಸಿಯಂಗಳೂ ಇಲ್ಲ. ಶುಕ್ರವಾರ ತಾಜ್ ಮಹಲ್ ಇಲ್ಲ. ಚಾಂದನಿ ಚೌಕದ ಅಂಗಡಿಗಳು ಭಾನುವಾರ ಬಾಗಿಲು ಹಾಕಿರುತ್ತವೆ. ನಮ್ಮ ಕಡೆಯವರು ಶನಿವಾರ ಹೊರಟು, ಭಾನುವಾರ ಸುಸ್ತು ಕಳೆದು, ಸೋಮವಾರ ಉತ್ಸಾಹದಿಂದ ಕೆಂಪುಕೋಟೆಯ ಮುಂದೆ ಹೋಗಿ ನಿಲ್ಲುತ್ತಾರೆ! ನಿಮಗೆ ರಜೆ ಹೊಂದುವುದಾದರೆ ಮಂಗಳವಾರ ಹೊರಟು ಶನಿವಾರ ವಾಪಸ್ ಬನ್ನಿ. ಸೋಮವಾರದ ತಲೆನೋವೇ ಇರುವುದಿಲ್ಲ. ಹೊಂದದೆ ಸೋಮವಾರ ಮಧ್ಯೆ ಬಂದರೂ ಗಾಬರಿ ಬೇಡ. ಕುತುಬ್ ಮಿನಾರ್, ಹುಮಾಯೂನ್ ಸಮಾಧಿ, ಇಂಡಿಯಾ ಗೇಟ್, ಬಾಂಗ್ಲಾ ಸಾಹಿಬ್ ಗುರುದ್ವಾರ ವಾರವಿಡೀ ತೆರೆದಿರುತ್ತವೆ. ಆ ದಿನಕ್ಕೆ ಅವನ್ನು ಇಟ್ಟುಕೊಳ್ಳಿ.

ದಸರಾ ರಜೆ ಆರಿಸಿಕೊಂಡಿದ್ದು ತುಂಬಾ ಒಳ್ಳೆಯದಾಯಿತು. ನಮ್ಮ ಬೇಸಿಗೆ ರಜೆಯಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಮೇ ತಿಂಗಳಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋಗುವುದು ಶಿಕ್ಷೆ ಕೊಟ್ಟ ಹಾಗೆ. ಡಿಸೆಂಬರ್, ಜನವರಿಯಲ್ಲಿ ಮಂಜು ಬಿದ್ದು ರೈಲು, ವಿಮಾನ ಎರಡೂ ತಡವಾಗುತ್ತವೆ. ದೀಪಾವಳಿ ಹೊತ್ತಿಗೆ ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಡುವ ಹೊಗೆ, ಪಟಾಕಿ ಹೊಗೆ ಎಲ್ಲಾ ಸೇರಿ ಕಣ್ಣು ಉರಿಯುತ್ತದೆ. ದಸರಾ ಇವೆಲ್ಲದರ ನಡುವೆ ಸಿಗುವ ಸಣ್ಣ ಸಂದು. ಹಗಲು ಸ್ವಲ್ಪ ಸೆಕೆ ಇರುತ್ತದೆ, ಅಷ್ಟೇ. ಇನ್ನೊಂದು ಲಾಭವೂ ಇದೆ. ಆ ದಿನಗಳಲ್ಲಿ ದೆಹಲಿಯ ತುಂಬಾ ರಾಮಲೀಲಾ ನಡೆಯುತ್ತದೆ. ವಿಜಯದಶಮಿ ಸಂಜೆ ರಾವಣನ ದೊಡ್ಡ ಬೊಂಬೆ ಸುಡುತ್ತಾರೆ. ಮಕ್ಕಳಿಗೆ ತೋರಿಸಿ, ಆದರೆ ಬಡಾವಣೆಯ ಚಿಕ್ಕ ಮೈದಾನದಲ್ಲಿ. ಕೆಂಪುಕೋಟೆ ಸುತ್ತಮುತ್ತ ಆ ಸಂಜೆ ಕಾಲಿಡಲು ಜಾಗ ಇರುವುದಿಲ್ಲ.

ರೈಲಾ ವಿಮಾನವಾ ಅಂತ ಕೇಳಿದ್ದೀರಿ. ಕರ್ನಾಟಕ ಎಕ್ಸ್‌ಪ್ರೆಸ್ ಬೆಂಗಳೂರಿಂದ ರಾತ್ರಿ ಹೊರಟು ನಮ್ಮ ಗೌರಿಬಿದನೂರಿನ ಮೇಲೇ ಹೋಗುತ್ತದೆ. ದೆಹಲಿ ಸೇರಲು ಎರಡು ರಾತ್ರಿ, ಮಧ್ಯೆ ಒಂದು ಪೂರ್ತಿ ಹಗಲು. ರಾಜಧಾನಿ ಸ್ವಲ್ಪ ಬೇಗ, ಆದರೂ ಒಂದೂವರೆ ದಿನದ ಹತ್ತಿರ. ಐದು ದಿನದ ರಜೆಯಲ್ಲಿ ಎರಡೂ ಕಡೆ ರೈಲು ಹಿಡಿದರೆ ದೆಹಲಿ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ನಿಮಗೆ ವಿಮಾನವೇ ಸರಿ. ನಾವು ಚಿಕ್ಕಬಳ್ಳಾಪುರದ ಕಡೆಯವರು ಪುಣ್ಯವಂತರು. ಮೆಜೆಸ್ಟಿಕ್‌ಗಿಂತ ದೇವನಹಳ್ಳಿ ವಿಮಾನ ನಿಲ್ದಾಣವೇ ನಮಗೆ ಹತ್ತಿರ, ಬೆಂಗಳೂರಿನ ಟ್ರಾಫಿಕ್ ನೋಡುವ ಕೆಲಸವೇ ಇಲ್ಲ. ಮೂರು ಗಂಟೆಯೊಳಗೆ ದೆಹಲಿ. ಟಿಕೆಟ್ ಮಾಡುವಾಗಲೇ ಅತ್ತೆಗೆ ವೀಲ್‌ಚೇರ್ ಬೇಕು ಅಂತ ಹಾಕಿ. ನಾಚಿಕೆ ಪಡುವಂಥದ್ದೇನಿಲ್ಲ. ದೆಹಲಿಯ ಟರ್ಮಿನಲ್ 3ರಲ್ಲಿ ನಡೆಯುವ ದೂರ ನೋಡಿದರೆ ಮಂಡಿ ಚೆನ್ನಾಗಿರುವವರೂ ಕೂತುಬಿಡಬೇಕು ಅನ್ನಿಸುತ್ತದೆ.

ಮಕ್ಕಳಿಗೆ ರೈಲಿನ ಆಸೆ ಇದ್ದು ರಜೆ ಎರಡು ದಿನ ಜಾಸ್ತಿ ಸಿಕ್ಕಿದರೆ, ಹೋಗುವಾಗ ರೈಲು, ಬರುವಾಗ ವಿಮಾನ ಮಾಡಿ. ರೈಲಿನ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಮೊದಲಿನ ಹಾಗೆ 120 ದಿನ ಅಲ್ಲ. ಹಿರಿಯರ ವಯಸ್ಸು ಸರಿಯಾಗಿ ಹಾಕಿದರೆ ಕೆಳಗಿನ ಬರ್ತ್ ಸಿಗುವ ಸಾಧ್ಯತೆ ಜಾಸ್ತಿ.

ಉಳಿಯುವುದಕ್ಕೆ ನನ್ನ ಮತ ಕರೋಲ್ ಬಾಗ್. ನ್ಯೂ ಡೆಲ್ಲಿ ಸ್ಟೇಷನ್ ಎದುರಿನ ಪಹಾಡ್‌ಗಂಜ್‌ನಲ್ಲಿ ಬಾಡಿಗೆ ಕಡಿಮೆ, ಆದರೆ ಆ ಗಲ್ಲಿಗಳ ನೂಕುನುಗ್ಗಲು ವಯಸ್ಸಾದವರಿಗೆ ಬೇಡ. ಎಲ್ಲೇ ಇರಿ, ಮೆಟ್ರೋ ಸ್ಟೇಷನ್‌ಗೆ ಐದು ನಿಮಿಷದ ನಡಿಗೆಯಲ್ಲಿರಿ. ಬುಕ್ ಮಾಡುವ ಮೊದಲು ಫೋನ್ ಮಾಡಿ ಲಿಫ್ಟ್ ಇದೆಯಾ, ರೂಮಿಗೆ ಕಿಟಕಿ ಇದೆಯಾ ಅಂತ ಕೇಳಿ. ಫೋಟೋದಲ್ಲಿ ಪರದೆ ಕಾಣುತ್ತದೆ, ಪರದೆಯ ಹಿಂದೆ ಗೋಡೆ ಇರುತ್ತದೆ. ಎಲ್ಲರ ಆಧಾರ್ ಇಟ್ಟುಕೊಳ್ಳಿ, ಮಕ್ಕಳದ್ದೂ.

ಈಗ ದಿನಗಳಿಗೆ ಬರೋಣ. ಮಂಗಳವಾರ ಮಧ್ಯಾಹ್ನ ತಲುಪಿದರೆ ಏನೂ ಇಟ್ಟುಕೊಳ್ಳಬೇಡಿ. ಸಂಜೆ ಇಂಡಿಯಾ ಗೇಟ್ ಸಾಕು. ಸುತ್ತ ಹುಲ್ಲುಹಾಸು, ಹಿರಿಯರು ಕೂರಬಹುದು, ಮಕ್ಕಳು ಓಡಬಹುದು. ಪಕ್ಕದಲ್ಲೇ 2019ರಲ್ಲಿ ಆದ ರಾಷ್ಟ್ರೀಯ ಯುದ್ಧ ಸ್ಮಾರಕ ಇದೆ. ವೃತ್ತಾಕಾರದ ಗೋಡೆಗಳ ಮೇಲೆ ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟ ಸಾವಿರಾರು ಸೈನಿಕರ ಹೆಸರು ಕೆತ್ತಿದ್ದಾರೆ. ಎರಡಕ್ಕೂ ಟಿಕೆಟ್ ಇಲ್ಲ.

ಬುಧವಾರ ಬೆಳಗ್ಗೆ ಬೇಗ ಕೆಂಪುಕೋಟೆ. ಲಾಲ್ ಕಿಲಾ ಅಂತಲೇ ಮೆಟ್ರೋ ಸ್ಟೇಷನ್ ಇದೆ. ಷಹಜಹಾನ್ 1638ರಲ್ಲಿ ಶುರು ಮಾಡಿ ಹತ್ತು ವರ್ಷ ಕಟ್ಟಿಸಿದ ಕೋಟೆ. ಒಳಗೆ ನಡಿಗೆ ಜಾಸ್ತಿ, ಅತ್ತೆಯವರು ರಾಜರು ದರ್ಬಾರು ನಡೆಸುತ್ತಿದ್ದ ದಿವಾನ್-ಎ-ಆಮ್ ಮಂಟಪದ ತನಕ ಬಂದು ಅಲ್ಲೇ ನೆರಳಲ್ಲಿ ಕೂರಲಿ. ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ: ನೆಹರು ಇಲ್ಲಿ ಮೊದಲು ಬಾವುಟ ಹಾರಿಸಿದ್ದು ಯಾವತ್ತು? ಆಗಸ್ಟ್ 15 ಅಂತ ಹೇಳುತ್ತಾರೆ. ಅಲ್ಲ, 1947ರ ಆಗಸ್ಟ್ 16. ಎದುರಿನ ಚಾಂದನಿ ಚೌಕದಲ್ಲಿ ಹಗಲು ಹೊತ್ತು ಕಾರು, ಆಟೋ ಬಿಡುವುದಿಲ್ಲ. ಸೈಕಲ್ ರಿಕ್ಷಾ ಹಿಡಿಯಿರಿ. ಹತ್ತುವ ಮೊದಲೇ ರೇಟು ಮಾತಾಡಿ. ಪರಾಠೆವಾಲಿ ಗಲ್ಲಿಯ ಪರಾಠಾ ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದು. ಒಂದು ತಗೊಂಡು ಇಬ್ಬರು ಹಂಚಿಕೊಳ್ಳಿ. ಮಧ್ಯಾಹ್ನ ರೂಮಿಗೆ ಹೋಗಿ ಮಲಗಿ. ಇದನ್ನು ಒತ್ತಿ ಹೇಳುತ್ತೇನೆ. ಮಧ್ಯಾಹ್ನ ಎರಡು ಗಂಟೆ ಮಲಗಿದ ಕುಟುಂಬ ಸಂಜೆ ಜಗಳ ಆಡುವುದಿಲ್ಲ.

ಸಂಜೆ ಬಾಂಗ್ಲಾ ಸಾಹಿಬ್ ಗುರುದ್ವಾರ. ತಲೆಗೆ ಬಟ್ಟೆ ಹೊದ್ದುಕೊಂಡು ಒಳಗೆ ಕೂತರೆ ಕೀರ್ತನೆ ನಡೆಯುತ್ತಿರುತ್ತದೆ, ಹೊರಗೆ ದೊಡ್ಡ ಕೊಳ. ಲಂಗರ್‌ನಲ್ಲಿ ಎಲ್ಲರಿಗೂ ಊಟ, ಯಾರು ಅಂತ ಯಾರೂ ಕೇಳುವುದಿಲ್ಲ. ನಾನು ಕರೆದುಕೊಂಡು ಹೋದ ಹಿರಿಯರಲ್ಲಿ ಜಾಸ್ತಿ ಜನ ಊರಿಗೆ ಬಂದ ಮೇಲೂ ನೆನೆಸಿಕೊಂಡಿದ್ದು ತಾಜ್ ಮಹಲ್ ಅಲ್ಲ, ಇದನ್ನು.

ಗುರುವಾರ ಆಗ್ರಾ. ಹಜರತ್ ನಿಜಾಮುದ್ದೀನ್ ಸ್ಟೇಷನ್‌ನಿಂದ ಗತಿಮಾನ್ ಎಕ್ಸ್‌ಪ್ರೆಸ್ ಬೆಳಗ್ಗೆ ಹೊರಡುತ್ತದೆ, ಒಂದು ಗಂಟೆ ನಲವತ್ತು ನಿಮಿಷಕ್ಕೆ ಆಗ್ರಾ. ಸಂಜೆ ಅದರಲ್ಲೇ ವಾಪಸ್. ಟಿಕೆಟ್ ಮೊದಲೇ ಮಾಡಿ. ಕಾರು ಮಾಡಿಕೊಂಡೂ ಹೋಗಬಹುದು, ಆದರೆ ಕೆಲವು ಡ್ರೈವರ್‌ಗಳು ಪೇಠಾ ಅನ್ನುವ ಸಿಹಿಯ ಅಂಗಡಿ, ಅಮೃತಶಿಲೆ ಅಂಗಡಿ ಅಂತ ಸುತ್ತಿಸಿ ಹೊತ್ತು ಕಳೆಯುತ್ತಾರೆ. ಅವರಿಗೆ ಅಲ್ಲಿ ಕಮಿಷನ್ ಇರುತ್ತದೆ. ತಾಜ್ ಟಿಕೆಟ್ ಆನ್‌ಲೈನ್‌ನಲ್ಲಿ ತಗೊಳ್ಳಿ. ಮುಖ್ಯ ಗೋರಿಯ ಕಟ್ಟಡದೊಳಗೆ ಹೋಗಲು ಬೇರೆ 200 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಇದು ಕೆಂಪುಕೋಟೆ, ಕುತುಬ್‌ಗೂ ಅನ್ವಯ. ಪೂರ್ವದ ಬಾಗಿಲ ಕಡೆ ಬ್ಯಾಟರಿ ಗಾಡಿ ಸಿಗುತ್ತದೆ, ಅತ್ತೆಗೆ ಅದು. ತಿಂಡಿ ಒಳಗೆ ಬಿಡುವುದಿಲ್ಲ, ಕೋಡುಬಳೆ ಡಬ್ಬಿ ಬ್ಯಾಗಿನಿಂದ ತೆಗೆದಿಡಿ.

ಶುಕ್ರವಾರ ಬೆಳಗ್ಗೆ ಗಾಂಧಿ ಸ್ಮೃತಿ. ತುಂಬಾ ಜನ ರಾಜಘಾಟ್ ನೋಡಿ ಇದನ್ನು ಬಿಟ್ಟುಬಿಡುತ್ತಾರೆ. ನಾನಾದರೆ ಉಲ್ಟಾ ಮಾಡುತ್ತೇನೆ. 1948ರ ಜನವರಿ 30ರಂದು ಗಾಂಧೀಜಿಯನ್ನು ಕೊಂದಿದ್ದು ಆಗ ಬಿರ್ಲಾ ಹೌಸ್ ಅನ್ನುತ್ತಿದ್ದ ಈ ಮನೆಯಲ್ಲೇ. ಅವರ ಕೋಣೆಯಿಂದ ಪ್ರಾರ್ಥನೆಯ ಜಾಗದವರೆಗೆ ಕೊನೆಯ ಹೆಜ್ಜೆಗಳನ್ನು ನೆಲದ ಮೇಲೆ ಗುರುತು ಮಾಡಿದ್ದಾರೆ. ಕೋಣೆಯಲ್ಲಿ ಚಾಪೆ, ಕೋಲು, ಕನ್ನಡಕ, ಇಷ್ಟೇ. ಪ್ರವೇಶ ಉಚಿತ, ಜನ ಕಡಿಮೆ, ನಡಿಗೆ ಕಡಿಮೆ. ಹೋಗುವ ಮೊದಲು ಮಕ್ಕಳಿಗೆ ನಮ್ಮ ವಿದುರಾಶ್ವತ್ಥದ ಕಥೆ ಹೇಳಿ. 1938ರ ಏಪ್ರಿಲ್‌ನಲ್ಲಿ ಬಾವುಟ ಹಾರಿಸಲು ಸೇರಿದ್ದ ನಮ್ಮ ಕಡೆಯ ಹಳ್ಳಿ ಜನರ ಮೇಲೆ ಗುಂಡು ಹಾರಿಸಿದ್ದು. ಗೌರಿಬಿದನೂರು ತಾಲ್ಲೂಕಿನ ಆ ಊರಿಗೂ ಈ ಮನೆಗೂ ಇರುವ ನಂಟು ಅವರೇ ಹುಡುಕಿಕೊಳ್ಳುತ್ತಾರೆ. ರಾಷ್ಟ್ರಪತಿ ಭವನ ನೋಡುವ ಆಸೆ ಇದ್ದರೆ ಅದನ್ನೂ ಇದೇ ಬೆಳಗ್ಗೆ ಇಟ್ಟುಕೊಳ್ಳಿ. ಆದರೆ ಅದರ ವೆಬ್‌ಸೈಟ್‌ನಲ್ಲಿ ಮೊದಲೇ ಸಮಯ ಬುಕ್ ಮಾಡಿರಬೇಕು. ಗೇಟಿಗೆ ಹೋಗಿ ಕೇಳಿದರೆ ಬಿಡುವುದಿಲ್ಲ.

ಅದೇ ದಿನ ಮಧ್ಯಾಹ್ನದ ಮೇಲೆ ಅಕ್ಷರಧಾಮ. ಮೊಬೈಲ್, ಕ್ಯಾಮೆರಾ, ಬ್ಯಾಗ್ ಯಾವುದೂ ಒಳಗೆ ಬಿಡುವುದಿಲ್ಲ, ಹೊರಗೆ ಇಡಲು ಜಾಗ ಇದೆ. ಫೋನ್ ಇಲ್ಲದೆ ಆರು ಜನ ಬೇರೆಯಾದರೆ ಕಷ್ಟ. ಒಳಗೆ ಹೋಗುವ ಮೊದಲೇ ಎಲ್ಲಿ ಸೇರಬೇಕು ಅಂತ ಮಾತಾಡಿಕೊಳ್ಳಿ. ಸಂಜೆಯ ನೀರಿನ ಪ್ರದರ್ಶನಕ್ಕೆ ಟಿಕೆಟ್ ಇದೆ. ಮಕ್ಕಳಿದ್ದಾರೆ, ತಗೊಳ್ಳಿ.

ಶನಿವಾರ ಸಂಜೆಯ ವಿಮಾನವಾದರೆ ಬೆಳಗ್ಗೆ ಕುತುಬ್ ಮಿನಾರ್. ಅದೇ ಹೆಸರಿನ ಮೆಟ್ರೋ ಸ್ಟೇಷನ್ ಇದ್ದರೂ ಅಲ್ಲಿಂದ ಆಟೋ ಬೇಕೇ ಬೇಕು. ಮೇಲೆ ಹತ್ತಲು ಬಿಡುವುದಿಲ್ಲ. 1981ರಲ್ಲಿ ಒಳಗಿನ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ ಮಕ್ಕಳು ಸತ್ತ ಮೇಲೆ ಮುಚ್ಚಿದ್ದಾರೆ. ಪಕ್ಕದ ತುಕ್ಕು ಹಿಡಿಯದ ಕಬ್ಬಿಣದ ಕಂಬ ತೋರಿಸಿ. ಲೋಟಸ್ ಟೆಂಪಲ್ ನಿಮ್ಮ ಪಟ್ಟಿಯಲ್ಲಿದೆ ಅಲ್ವಾ? ನಾನಾದರೆ ಬಿಡುತ್ತೇನೆ. ಸಾಲು ಉದ್ದ, ಒಳಗೆ ಸುಮ್ನೆ ಕೂತು ಎದ್ದು ಬರಬೇಕು. ಮಕ್ಕಳು ಐದು ನಿಮಿಷ ಕೂರುವುದಿಲ್ಲ.

ಓಡಾಟಕ್ಕೆ ಮೆಟ್ರೋ, ಕೊನೆಯ ತುಂಡಿಗೆ ಆಟೋ. ಆರು ಜನ ಒಂದು ಆಟೋದಲ್ಲಿ ಹಿಡಿಸುವುದಿಲ್ಲ, ಎರಡು ಬೇಕಾಗುತ್ತದೆ. ಆ ಲೆಕ್ಕದಲ್ಲಿ ಕೆಲವು ದಿನ ದೊಡ್ಡ ಕ್ಯಾಬ್ ಮಾಡುವುದೇ ಅಗ್ಗ. ಮೆಟ್ರೋದಲ್ಲಿ ಮೊದಲ ಬೋಗಿ ಹೆಂಗಸರಿಗೆ ಮಾತ್ರ. ನೀವು, ಅತ್ತೆ ಅದಕ್ಕೆ ಹತ್ತಿ, ಗಂಡಸರು ಹಿಂದಿನದಕ್ಕೆ ಹತ್ತಿದರೆ, ಇಳಿಯುವ ಸ್ಟೇಷನ್ ಹೆಸರು ಎಲ್ಲರಿಗೂ ಗೊತ್ತಿರಲಿ. ಬಸ್ ಹತ್ತಿದರೆ ನೆನಪಿರಲಿ, ನಮ್ಮ ಶಕ್ತಿ ಯೋಜನೆಯ ಉಚಿತ ಪ್ರಯಾಣ ದೆಹಲಿಯ ಬಸ್ಸುಗಳಲ್ಲಿ ನಡೆಯುವುದಿಲ್ಲ. ನಮ್ಮತ್ತೆ ಕಂಡಕ್ಟರ್‌ಗೆ ಆಧಾರ್ ತೋರಿಸಿಬಿಟ್ಟಿದ್ದರು! ಪಿಂಕ್ ಲೈನ್ ನಕ್ಷೆಯಲ್ಲಿ ಮೋತಿ ಬಾಗ್ ಸ್ಟೇಷನ್ ಹುಡುಕಿ ನೋಡಿ. ಅದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಇಟ್ಟಿದ್ದಾರೆ. ನಿಮ್ಮ ಊರ ಪಕ್ಕದ ಮುದ್ದೇನಹಳ್ಳಿಯವರು ಅಂತ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ.

ಊಟದ ಬಗ್ಗೆ ನೀವು ಕೇಳಲಿಲ್ಲ, ಆದರೆ ಮೂರನೇ ದಿನಕ್ಕೆ ಮಾವ ಅನ್ನ ಸಾರು ಕೇಳುತ್ತಾರೆ. ಇಂಡಿಯಾ ಗೇಟ್ ಹತ್ತಿರದ ಆಂಧ್ರ ಭವನದ ಕ್ಯಾಂಟೀನ್‌ನಲ್ಲಿ ಅನ್ನ, ಪಪ್ಪು, ಸಾರು, ಮೊಸರು ಸಿಗುತ್ತದೆ. ಯಾರು ಬೇಕಾದರೂ ಹೋಗಬಹುದು. ನಮ್ಮ ಗಡಿಯ ಕಡೆಯವರಿಗೆ ಆ ರುಚಿ ಹೊಸದೇನಲ್ಲ. ಕನಾಟ್ ಪ್ಲೇಸ್ ಸುತ್ತ ಇಡ್ಲಿ, ದೋಸೆಯ ಹೋಟೆಲ್‌ಗಳಿವೆ. ಮುದ್ದೆ ಮಾತ್ರ ಮರೆತುಬಿಡಿ. ಚಟ್ನಿಪುಡಿ, ಉಪ್ಪಿನಕಾಯಿ, ಹುರಿಹಿಟ್ಟು ಜೊತೆಗಿರಲಿ. ಬಾಟಲಿ ನೀರೇ ಕುಡಿಯಿರಿ.

ಹಿಂದಿ ಬರುವುದಿಲ್ಲ ಅಂತ ಹೆದರಬೇಡಿ. ಮೆಟ್ರೋದಲ್ಲಿ ಇಂಗ್ಲಿಷ್ ಬೋರ್ಡ್ ಇದೆ, ಮಕ್ಕಳು ಓದುತ್ತಾರೆ. ಆಟೋಗೆ ಆ್ಯಪ್ ಇದೆ. ಒಂದೇ ಎಚ್ಚರ: ಸ್ಟೇಷನ್ ಹೊರಗೆ ತಾವಾಗಿ ಬಂದು ಮಾತಾಡಿಸಿ, "ಆ ಜಾಗ ಇವತ್ತು ಮುಚ್ಚಿದೆ, ನಾನು ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ" ಅನ್ನುವವರನ್ನು ನಂಬಬೇಡಿ. ಯಾವುದು ಯಾವತ್ತು ಮುಚ್ಚಿರುತ್ತದೆ ಅಂತ ನಿಮಗೆ ಈಗ ಅವರಿಗಿಂತ ಚೆನ್ನಾಗಿ ಗೊತ್ತು.

ಟಿಕೆಟ್ ಮಾಡುವ ಮೊದಲು ದಿನಾಂಕ ಇಲ್ಲಿ ಹಾಕಿ. ಅಕ್ಟೋಬರ್ 2 ಮಧ್ಯೆ ಬಂದರೆ ಆ ಬೆಳಗ್ಗೆ ರಾಜಘಾಟ್, ಗಾಂಧಿ ಸ್ಮೃತಿ ಕಡೆ ಗಣ್ಯರ ಓಡಾಟ ಇರುತ್ತದೆ. ಹಾಗಿದ್ದರೆ ದಿನಗಳನ್ನು ಅದಲುಬದಲು ಮಾಡಿಕೊಡುತ್ತೇನೆ.