ಅಣ್ಣನಿಗೆ ಕರುಳಿನ ಕ್ಯಾನ್ಸರ್: ವಂಶವಾಹಿ ಪರೀಕ್ಷೆ ಮೊದಲು ಯಾರಿಗೆ?

ಪ್ರಶ್ನೆ: ನನಗೆ 36 ವರ್ಷ. ಅಣ್ಣನಿಗೆ 43ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಾಣಿಸಿಕೊಂಡು, ಕಳೆದ ವರ್ಷ ಆಪರೇಷನ್ ಆಯಿತು. ನಮ್ಮ ತಂದೆಯವರು ಇದೇ ಕಾಯಿಲೆಯಿಂದ 48ಕ್ಕೇ ತೀರಿಕೊಂಡರು. ಸೋದರತ್ತೆಗೆ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ನಾನೂ ನನ್ನ 11 ವರ್ಷದ ಮಗಳೂ ಜೆನೆಟಿಕ್ ಪರೀಕ್ಷೆ ಮಾಡಿಸಿಕೊಳ್ಳಬೇಕೆ? ಮಗಳ ಮದುವೆಗೆ ತೊಡಕಾದೀತು, ಸುಮ್ಮನಿರು ಎನ್ನುತ್ತಾರೆ ಮನೆಯ ಹಿರಿಯರು.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪರೀಕ್ಷೆ ಆಗಲೇಬೇಕು, ಆದರೆ ಅದು ನಿಮ್ಮಿಂದಲ್ಲ, ನಿಮ್ಮ ಅಣ್ಣನಿಂದ ಆರಂಭವಾಗಬೇಕು.

ನೀವು ಬರೆದಿರುವ ವಿವರ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಯತ್ತ ಬೆರಳು ತೋರಿಸುತ್ತದೆ. ಹತ್ತಿರದ ಸಂಬಂಧದ ಮೂವರು, ಎರಡು ತಲೆಮಾರು, ಒಬ್ಬರಿಗಾದರೂ 50ಕ್ಕೆ ಮೊದಲೇ ಕಾಯಿಲೆ ಎಂಬ ಆಮ್‌ಸ್ಟರ್‌ಡ್ಯಾಮ್ ಮಾನದಂಡಕ್ಕೆ 1999ರಲ್ಲಿ ಗರ್ಭಕೋಶದ ಕ್ಯಾನ್ಸರನ್ನೂ ಸೇರಿಸಲಾಯಿತು. ನಿಮ್ಮ ಕುಟುಂಬ ಅದಕ್ಕೆ ಹೊಂದುತ್ತದೆ. ಜೀವಕೋಶ ವಿಭಜನೆಯಾಗುವಾಗ ಡಿಎನ್‌ಎ ನಕಲಿನಲ್ಲಿ ನುಸುಳುವ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ವಂಶವಾಹಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುವುದು ಇದರ ಮೂಲ. ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50.

ಅಣ್ಣನ ಆಪರೇಷನ್ ನಡೆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ, ಅವರ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕ್‌ಗಳನ್ನು ಸಾಮಾನ್ಯವಾಗಿ ಕಾಪಾಡಿ ಇಟ್ಟಿರುತ್ತಾರೆ. ಅದರ ಸಂಖ್ಯೆ ಬಯಾಪ್ಸಿ ವರದಿಯಲ್ಲೇ ಇರುತ್ತದೆ. ಆ ಬ್ಲಾಕ್ ಮೇಲೆ ಐಎಚ್‌ಸಿ ಪರೀಕ್ಷೆ, ಅಂದರೆ ಮೇಲಿನ ನಾಲ್ಕು ವಂಶವಾಹಿಗಳು ತಯಾರಿಸುವ ಎಂಎಂಆರ್ ಪ್ರೋಟೀನುಗಳು ಗಡ್ಡೆಯಲ್ಲಿ ಇವೆಯೇ ಎಂದು ನೋಡುವ ಪರೀಕ್ಷೆ, ಆಗಿದೆಯೇ ಎಂದು ಕೇಳಿ, ಆಗಿಲ್ಲದಿದ್ದರೆ ಮಾಡಿಸಿ. ಪ್ರೋಟೀನು ಕಾಣೆಯಾದ ಮಾತ್ರಕ್ಕೆ ಕಾಯಿಲೆ ಆನುವಂಶಿಕ ಎಂದು ತೀರ್ಮಾನಿಸಲಾಗದು. ಐಎಚ್‌ಸಿ ಸಹಜವಾಗಿದ್ದರೂ, ಇಂಥ ಕುಟುಂಬದಲ್ಲಿ ಅಣ್ಣನ ರಕ್ತದಿಂದ ವಂಶವಾಹಿ ಪರೀಕ್ಷೆ ಮಾಡಿಸುವುದೇ ಸರಿ.

ಅಣ್ಣನಲ್ಲಿ ದೋಷ ಎಲ್ಲಿದೆ ಎಂದು ತಿಳಿದ ಮೇಲೆ ನಿಮ್ಮ ರಕ್ತದಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಖರ್ಚೂ ಕಡಿಮೆ. ಆಗ 'ಇಲ್ಲ' ಎಂದು ಬಂದರೆ ಆ ಉತ್ತರವನ್ನು ನಂಬಬಹುದು. ಅಣ್ಣನನ್ನು ಬಿಟ್ಟು ಮೊದಲು ನೀವೇ ಪರೀಕ್ಷಿಸಿಕೊಂಡು 'ಇಲ್ಲ' ಎನಿಸಿಕೊಂಡರೆ, ಕುಟುಂಬದ ದೋಷ ನಿಮಗೆ ಬಂದಿಲ್ಲವೋ ಅಥವಾ ಪರೀಕ್ಷೆಗೆ ಅದು ಸಿಕ್ಕಿಲ್ಲವೋ ಎಂಬುದು ತಿಳಿಯುವುದಿಲ್ಲ. ಕೆಲವೊಮ್ಮೆ 'ಅರ್ಥ ಸ್ಪಷ್ಟವಾಗದ ಬದಲಾವಣೆ' ಎಂಬ ವರದಿಯೂ ಬರುತ್ತದೆ. ಅದನ್ನು ಆಧರಿಸಿ ಯಾವ ಚಿಕಿತ್ಸೆಯನ್ನೂ ನಿರ್ಧರಿಸಬಾರದು. ಆದ್ದರಿಂದಲೇ ಪರೀಕ್ಷೆಗೆ ಮೊದಲೂ ನಂತರವೂ ಜೆನೆಟಿಕ್ ಕೌನ್ಸೆಲರ್ ಜೊತೆ ಕುಳಿತು ಮಾತನಾಡಿ ಎಂದು ಒತ್ತಾಯಿಸುತ್ತೇನೆ.

ಕೊಲೊನೊಸ್ಕೋಪಿಗೆ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ತಪಾಸಣೆ) ಮಾತ್ರ ಈ ವರದಿಗಳಿಗಾಗಿ ಕಾಯಬೇಡಿ. ಲಿಂಚ್ ಇದ್ದವರಲ್ಲಿ ಪಾಲಿಪ್ (ಕರುಳಿನ ಒಳಪದರದಲ್ಲಿ ಬೆಳೆಯುವ ಸಣ್ಣ ಗಂಟು) ಕ್ಯಾನ್ಸರಾಗಲು ಒಂದರಿಂದ ಮೂರು ವರ್ಷವೇ ಸಾಕಾಗಬಹುದು. ಅದಕ್ಕಾಗಿಯೇ ಅವರಿಗೆ ಒಂದೆರಡು ವರ್ಷಕ್ಕೊಮ್ಮೆ ಈ ತಪಾಸಣೆ ಹೇಳುತ್ತಾರೆ. ಮುಟ್ಟಿನ ನಡುವೆ ರಕ್ತಸ್ರಾವವಾದರೆ ಅದನ್ನೂ ಅಲಕ್ಷಿಸದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಮಗಳಿಗೆ ಈಗ ಪರೀಕ್ಷೆ ಬೇಡ. ಲಿಂಚ್ ಸಿಂಡ್ರೋಮ್‌ಗೆ ಸಂಬಂಧಿಸಿದ ಪರೀಕ್ಷೆಯನ್ನು 18 ತುಂಬಿದ ಮೇಲೆ, ಅವಳೇ ತಿಳಿದು ಒಪ್ಪಿದಾಗ ಮಾಡಿಸುವುದು ಸರಿಯಾದ ಕ್ರಮ. ನಿಮ್ಮಲ್ಲಿ ದೋಷ ಇಲ್ಲವೆಂದಾದರೆ ಅವಳಿಗೆ ಅದರ ಅಗತ್ಯವೇ ಬೀಳದು. ಅಣ್ಣನ ಕರುಳಿನಲ್ಲಿ ನೂರಾರು ಪಾಲಿಪ್‌ಗಳು ಇದ್ದವೆಂದು ವರದಿ ಹೇಳಿದರೆ ಮಾತ್ರ ಅದು ಎಫ್‌ಎಪಿ ಎಂಬ ಬೇರೆಯೇ ಆನುವಂಶಿಕ ಕಾಯಿಲೆ ಇರಬಹುದು. ಅದರಲ್ಲಿ ಮಕ್ಕಳಿಗೆ 10–12ರ ವಯಸ್ಸಿನಿಂದಲೇ ತಪಾಸಣೆ ಬೇಕಾಗುವುದರಿಂದ, ಆ ವರದಿಯನ್ನು ಇಂದೇ ತೆಗೆದು ಓದಿ.

ಮದುವೆಯ ಮಾತನ್ನೆತ್ತಿದ ಹಿರಿಯರಿಗೆ ಒಂದು ವಿಷಯ ತಿಳಿಸಿ: ಪರೀಕ್ಷೆಯ ಫಲಿತಾಂಶ ನಿಮ್ಮದು, ನಿಮ್ಮ ಒಪ್ಪಿಗೆಯಿಲ್ಲದೆ ವೈದ್ಯರು ಅದನ್ನು ಹೊರಗೆ ಹೇಳುವಂತಿಲ್ಲ. ಪರೀಕ್ಷೆ ಮಾಡಿಸದಿದ್ದರೆ ದೋಷ ಇಲ್ಲವಾಗುವುದಿಲ್ಲ, ಪಾಲಿಪ್ ಇದ್ದಾಗಲೇ ತೆಗೆಸಿಹಾಕುವ ಅವಕಾಶ ಮಾತ್ರ ಕೈತಪ್ಪುತ್ತದೆ.